ಕಟ್ ಆದ ಕರೆ

ನಮ್ಮ ವಾರ್ಡಿನಲ್ಲಿ ಡಾಕ್ಟರು ಫೋನ್ ಕಟ್ ಮಾಡಿದರೆ ಹೂಂ ಎಂದರ್ಥ. ಪದ್ಧತಿ ಮಾಡಿದವರೂ ಅವರೇ. "ಆಪರೇಷನ್ ಮಧ್ಯೆ ನನ್ ತಲೆ ತಿನ್ಬೇಡಿ. ಕಟ್ ಮಾಡಿದ್ರೆ ಕೊಡಿ ಅಂತ. ಆಮೇಲೆ ಬಂದು ಸೈನ್ ಹಾಕ್ತೀನಿ" ಎಂದಿದ್ದರು. ಹಾಕುತ್ತಲೂ ಇದ್ದರು. ವರ್ಷಗಟ್ಟಲೆ ಹೀಗೇ ನಡೆಯಿತು.

ಕಿಟಕಿ ಪಕ್ಕದ ಹಾಸಿಗೆಯಲ್ಲಿ ಟೈಲರಜ್ಜ ಇದ್ದರು. ಕ್ಯಾನ್ಸರ್ ಬೆನ್ನುಮೂಳೆಗೆ ಇಳಿದಿತ್ತು. ನೋವು ಕಡಿಮೆಯಿದ್ದ ಹೊತ್ತಿನಲ್ಲಿ ನನ್ನ ಬಿಳಿ ಕೋಟನ್ನೇ ನೋಡುವರು. "ಸಿಸ್ಟರ್, ಇದನ್ನ ಹೊಲಿದೋನಿಗೆ ನಿಮ್ಮೇಲೆ ಏನು ಸಿಟ್ಟು? ಭುಜ ಎಲ್ಲೋ, ತೋಳು ಎಲ್ಲೋ! ನಾನು ಎದ್ಮೇಲೆ ಬಿಚ್ಚಿ ಹೊಲಿದುಕೊಡ್ತೀನಿ." ಏಳುವುದಿಲ್ಲವೆಂದು ಅಜ್ಜನಿಗೂ ಗೊತ್ತಿತ್ತು, ಪಕ್ಕದಲ್ಲಿ ಕೂತ ಮಗಳಿಗೂ ಗೊತ್ತಿತ್ತು.

ಒಂದು ಮಧ್ಯಾಹ್ನ, ಬರೆದುಕೊಟ್ಟಿದ್ದ ಇಂಜೆಕ್ಷನ್ ಅವರಿಗೆ ಸಾಲಲಿಲ್ಲ. ದಿಂಬು ಕಚ್ಚಿಕೊಂಡು ಹೊರಳಾಡಿದರು. ಇನ್ನೊಂದು ಕೊಡಲು ಡಾಕ್ಟರ ಮಾತು ಬೇಕು. ಫೋನ್ ಮಾಡಿದೆ. ಕಟ್ ಆಯಿತು. ಕೊಟ್ಟೆ. ಅಜ್ಜ ಸಂಜೆವರೆಗೂ ಮಗುವಿನ ಹಾಗೆ ಮಲಗಿದರು. ಮಗಳು ನನ್ನ ಕೈ ಹಿಡಿದು ಅತ್ತಳು.

ಡಾಕ್ಟರು ಸಹಿ ಹಾಕಲು ಬರುವುದರೊಳಗೆ ಔಷಧಿ ಲೆಕ್ಕದ ತಪಾಸಣೆಯವರು ಬಂದರು. ಡಾಕ್ಟರನ್ನೂ ಕರೆಸಿ, ಈ ಎರಡನೇ ಇಂಜೆಕ್ಷನ್ ಯಾರ ಆದೇಶ ಎಂದು ಕೇಳಿದರು. ಡಾಕ್ಟರು ನನ್ನ ಮುಖ ನೋಡದೆ, "ನಾನು ಹೇಳಿಲ್ಲ" ಎಂದರು.

"ನೀವು ಕಟ್ ಮಾಡಿದ್ರಲ್ಲ ಸಾರ್?"

"ಮೀಟಿಂಗಲ್ಲಿದ್ದೆ, ಕಟ್ ಮಾಡಿದೆ. ಅದು ಆರ್ಡರ್ ಹೇಗಾಗುತ್ತೆ?"

ತಪಾಸಣೆಯವರಲ್ಲೊಬ್ಬರು ನಕ್ಕೇಬಿಟ್ಟರು. ಕಾನೂನು ಸ್ಪಷ್ಟವಾಗಿದೆ: ನರ್ಸ್ ಔಷಧಿ ಕೊಡಬಹುದು, ಕೊಡಬೇಕೆಂದು ತಾನೇ ತೀರ್ಮಾನಿಸುವ ಹಾಗಿಲ್ಲ. ಇರಲಿ, ಅದು ಇರಬೇಕಾದದ್ದೇ. ಆದರೆ ಡಾಕ್ಟರು ಅಷ್ಟು ಸಲೀಸಾಗಿ ಕೈ ತೊಳೆದುಕೊಂಡದ್ದನ್ನು ಸಾಯುವವರೆಗೂ ಮರೆಯಲಾರೆ. ಪಟಾಕಿಯನ್ನು ಕೇಳಿ ಎಂದೆ. ಜೊತೆಯ ನರ್ಸ್ ಅವಳು, ಬಾಯಿ ಜೋರೆಂದು ಆ ಅಡ್ಡಹೆಸರು. ಪಟಾಕಿ ನೆಲ ನೋಡುತ್ತ, "ನಂಗೇನೂ ಗೊತ್ತಿಲ್ಲ" ಎಂದಳು. ಅವಳಿಗೂ ಮನೆ ಮಕ್ಕಳು ಇದ್ದಾರೆ.

ಕೆಲಸ ಹೋಯಿತು. ನರ್ಸ್ ನೋಂದಣಿ ಅಮಾನತಾಯಿತು. ಇನ್ನು ಯಾವ ಆಸ್ಪತ್ರೆಯೂ ಸೇರಿಸಿಕೊಳ್ಳುವುದಿಲ್ಲ. "ಊರ ಉಸಾಬರಿ ನಿಂಗ್ಯಾಕೆ ಬೇಕಿತ್ತು?" ಎಂದರು ನಮ್ಮ ಮನೆಯವರು. ಉಸಾಬರಿಯೇ ನನ್ನ ಕೆಲಸವಾಗಿತ್ತು, ಅದಲ್ಲದೆ ಬೇರೇನೂ ನನಗೆ ಬರುವುದಿಲ್ಲ. ಮೇಲ್ಮನವಿ ಹಾಕಿದೆ. ಅದು ಮುಗಿಯುವವರೆಗೆ ರೋಗಿಯ ಔಷಧಿಯ ಬಗ್ಗೆ ಒಂದು ಮಾತಾಡಿದರೂ ನೋಂದಣಿ ಪೂರ್ತಿ ರದ್ದು ಎಂದು ವಕೀಲರು ಎಚ್ಚರಿಸಿದರು.

ಕೋಟು, ಬೀಗದ ಕೈ ವಾಪಸು ಕೊಡಲು ವಾರ್ಡಿಗೆ ಹೋದೆ. ಬಾಗಿಲಲ್ಲೇ ಅಜ್ಜನ ನರಳಾಟ ಕೇಳಿಸಿತು. ಹಾಸಿಗೆ ಪಕ್ಕದಲ್ಲಿ ಪಟಾಕಿ ಫೋನ್ ಹಿಡಿದು ನಿಂತಿದ್ದಳು.

"ಕಟ್ ಆಯ್ತು ಕಣೇ. ಏನ್ ಮಾಡ್ಲಿ ಈಗ?"

ಮಗಳು ಓಡಿ ಬಂದು ನನ್ನ ತೋಳು ಹಿಡಿದಳು. "ಅಕ್ಕ, ಬಂದ್ರಾ! ಇವ್ರಿಗೆ ಹೇಳಿ ಅಕ್ಕ, ಕೊಡೋಕೆ ಹೇಳಿ!"

ಅಜ್ಜ ಕಣ್ಣು ತೆರೆದು ನನ್ನ ಭುಜ ನೋಡಿದರು. ಮಡಿಸಿದ ಕೋಟು ನನ್ನ ಕೈಯಲ್ಲಿತ್ತು. ಏನೋ ಹೇಳಲು ಹೋಗಿ, ಮತ್ತೆ ದಿಂಬು ಕಚ್ಚಿದರು.

"ಇನ್ನೊಂದ್ಸಲ ಫೋನ್ ಮಾಡು" ಎಂದೆ ಪಟಾಕಿಗೆ.

ಮಗಳು ನನ್ನ ತೋಳು ಬಿಟ್ಟಳು.