ಮೀನುಗಳು ಗುರುತಿಟ್ಟುಕೊಂಡವಳು

ಹೆಣವನ್ನು ಆಸ್ಪತ್ರೆಯಿಂದ ತಂದು ಹಜಾರದಲ್ಲಿ ಇಳಿಸುತ್ತಿದ್ದಾಗಲೇ ಹಿತ್ತಿಲ ಶೆಡ್ಡಿನೊಳಗಿಂದ ಮೀನುಕೊಳದ ಹೀಟರಿನ ಅಲಾರಂ ಕಿರುಚತೊಡಗಿತು. ಮೈದುನ ಓಡಿಹೋಗಿ ಕೈಗೆ ಸಿಕ್ಕ ಗುಂಡಿಯನ್ನೆಲ್ಲ ಒತ್ತಿ, ಬೆವರು ಸುರಿಸಿಕೊಂಡು ವಾಪಸ್ಸು ಬಂದ.

“ಅತ್ತಿಗೆ, ಅದನ್ನ ನಿಲ್ಲಿಸೋದು ಹೇಗೆ?”

“ನನ್ನನ್ನ ಯಾಕಪ್ಪ ಕೇಳ್ತೀಯ? ನಿಮ್ಮಣ್ಣ ನನ್ನನ್ನ ಆ ಬಾಗಿಲು ದಾಟೋಕೆ ಬಿಟ್ಟಿದ್ರೆ ತಾನೆ? ಹೊಸಬರನ್ನ ಕಂಡ್ರೆ ಮೀನು ಬೆದರ್ತವಂತೆ. ಇಷ್ಟು ವರ್ಷ ಸಂಸಾರ ಮಾಡಿದ ನಾನು ಹೊಸಬಳು!”

ಪಕ್ಕದ ಮನೆಯ ಟೈಲರ್ ಸಾವಿನ ಮನೆಯೆಂಬುದನ್ನು ಮರೆತು ನಕ್ಕುಬಿಟ್ಟು, ಆಮೇಲೆ ಕೆಮ್ಮಿ ಮರೆಸಿದ. “ಏನೇ ಹೇಳಿ, ನಮ್ಮ ಬಾಯ್ಲರಪ್ಪ ಮಾತಿನ ಮನುಷ್ಯ. ಮಗಳ ಮುಖ ನೋಡಲ್ಲ ಅಂದ, ಸಾಯೋವರೆಗೂ ನೋಡಲಿಲ್ಲ.”

ಆಕೆ ಗಂಡನ ಮುಖವನ್ನೇ ನೋಡುತ್ತ ಕುಳಿತಳು. ಮಾತು ಉಳಿಸಿಕೊಂಡಿದ್ದೇನೋ ನಿಜ. ಅದಕ್ಕೆ ಒಬ್ಬಳೇ ಮಗಳು ಇದ್ದೂ ಇಲ್ಲದಂತಾದಳು. ಅಳಬೇಕೆಂದರೆ ಅಳುವೂ ಬರಲಿಲ್ಲ.

*

ಬಾಯ್ಲರಪ್ಪ ಎಂಬುದು ಅವನಿಗೆ ಲಾಂಡ್ರಿ ಕೊಟ್ಟ ಹೆಸರು. ಅಲ್ಲಿ ಬಟ್ಟೆ ಬೇಯಿಸುವ ಬಾಯ್ಲರ್ ಅವನ ಕೈಯಲ್ಲಿತ್ತು. ಒಂದು ದಿನ ಅದು ಸಿಡಿದು ಕೆಲಸಗಾರನೊಬ್ಬನ ಕೈ ಸುಟ್ಟಿತು. ವಿಚಾರಣೆಗೆ ಬಂದವರು ಅಲ್ಲೇ ಗುಮಾಸ್ತೆಯಾಗಿದ್ದ ಮಗಳನ್ನೂ ಕೇಳಿದರು. “ಅವತ್ತು ಅಪ್ಪ ವಾಲ್ವ್ ನೋಡಿರಲಿಲ್ಲ,” ಎಂದು ಅವಳು ಕಂಡದ್ದನ್ನು ಕಂಡ ಹಾಗೆ ಹೇಳಿಬಿಟ್ಟಳು. ಅಪ್ಪನ ಕೆಲಸ ಹೋಯಿತು. ಮಗಳ ಬಟ್ಟೆಬರೆ ಬೀದಿಗೆ ಬಂತು.

“ಇನ್ನು ಅವಳ ಹೆಸರೆತ್ತಿದ್ರೆ ನನ್ನ ಹೆಣ ನೋಡ್ತೀಯ,” ಎಂದ ಗಂಡ.

ಮಗಳದ್ದು ತಪ್ಪಿಲ್ಲವೆಂದು ಆಕೆಗೆ ಗೊತ್ತಿತ್ತು. ಆದರೂ ಕುಸಿದು ಕೂತ ಗಂಡನನ್ನು ನೋಡಿ ಮನಸ್ಸು ಕಲ್ಲು ಮಾಡಿಕೊಂಡಳು. ಒಮ್ಮೆ ತರಕಾರಿ ಅಂಗಡಿಯ ಮುಂದೆ ಮಗಳು “ಅಮ್ಮಾ” ಎಂದು ಕರೆದಾಗ, ಕೇಳಿಸದವಳಂತೆ ರಸ್ತೆ ದಾಟಿ ಬಂದು, ಮನೆಯಲ್ಲಿ ನಲ್ಲಿ ಬಿಟ್ಟುಕೊಂಡು ಅತ್ತಳು.

ಆ ಚಳಿಗಾಲವೇ ಅವನಿಗೆ ಮೀನಿನ ಹುಚ್ಚು ಹತ್ತಿದ್ದು. ಶೆಡ್ಡಿನೊಳಗೆ ಸೊಂಟದೆತ್ತರಕ್ಕೆ ಇಟ್ಟಿಗೆಯ ಕೊಳ ಕಟ್ಟಿ, ಕಪ್ಪು ರಬ್ಬರ್ ಹಾಸಿ, ಸುತ್ತ ಥರ್ಮೋಕೋಲ್ ಹೊದಿಸಿದ. ಗುಜರಿಯಿಂದ ಹೀಟರ್ ತಂದ. ಮೇವಿನ ಮೂಟೆ ತರಲೆಂದು ಹಿಂದಿನ ಓಣಿಗೆ ಬಾಗಿಲನ್ನೂ ಇಟ್ಟ. ಕೊಳ ತುಂಬಿದ ಮೇಲೂ ಎಷ್ಟೋ ದಿನ ಬರೀ ನೀರನ್ನೇ ಕಾಯಿಸಿದ.

“ಮೀನೇ ಇಲ್ದೆ ಯಾರ ಸ್ನಾನಕ್ಕೆ ಕಾಯಿಸ್ತಿದೀರಿ?” ಎಂದು ಆಕೆ ರೇಗಿಸಿದರೆ, “ನೀರು ಪಳಗಬೇಕು ಕಣೆ. ಅವಸರ ಮಾಡಿದ್ರೆ ಒಂದೂ ಬದುಕಲ್ಲ. ಬಿಸೀನೂ ದಿನಕ್ಕಿಷ್ಟಿಷ್ಟೇ ಏರಿಸಬೇಕು,” ಎನ್ನುತ್ತಿದ್ದ.

ಮಗಳ ದುಃಖವನ್ನು ಹೀಗೆ ಮರೆಯುತ್ತಿದ್ದಾನೆಂದು ಆಕೆಗೆ ಅಯ್ಯೋ ಅನಿಸುತ್ತಿತ್ತು. ಭಾನುವಾರಗಳಲ್ಲಿ ಅವನು ಶೆಡ್ಡಿನಿಂದಲೇ ಕೂಗುತ್ತಿದ್ದ: “ಟೀ ಎರಡು ಲೋಟ ಇಡು, ಇವತ್ತು ಕೆಲಸ ಜಾಸ್ತಿ!” ಆಕೆ ಎರಡು ಲೋಟ ಹೊಸಿಲ ಮೇಲಿಟ್ಟು ಬರುತ್ತಿದ್ದಳು.

*

ಅಲಾರಂ ಥಟ್ಟನೆ ನಿಂತಿತು. ಮೈದುನ ಹಜಾರದಲ್ಲೇ ಇದ್ದ. ಟೈಲರೂ ಇದ್ದ. ಆಕೆ ಎದ್ದು ಹೋಗಿ ಶೆಡ್ಡಿನ ಬಾಗಿಲು ತಳ್ಳಿದಳು.

ಓಣಿಯ ಬಾಗಿಲು ತೆರೆದಿತ್ತು. ಕೊಳದಂಚಿನಲ್ಲಿ ಮಗಳು ಮೊಣಕೈವರೆಗೆ ತೋಳು ನೆನೆಸಿಕೊಂಡು ಬಗ್ಗಿದ್ದಳು. ಮೊಳದುದ್ದದ ಕೆಂಪು, ಬಿಳಿ ಮೀನುಗಳು ಒಂದರ ಮೇಲೊಂದು ಬಿದ್ದು, ಬಾಯಿ ತೆರೆದುಕೊಂಡು ಅವಳ ಬೆರಳು ಮುತ್ತುತ್ತಿದ್ದವು. ಆಕೆ ಒಂದು ಹೆಜ್ಜೆ ಮುಂದಿಟ್ಟಳು, ಅಷ್ಟೇ. ಎಲ್ಲವೂ ಚದುರಿ ಆಚೆ ಮೂಲೆ ಸೇರಿದವು.

“ಪಂಪಿನ ಜಾಲರಿ ಕಟ್ಟಿಕೊಂಡು ಹೀಟರಿಗೆ ನೀರು ಹೋಗ್ತಿರಲಿಲ್ಲ. ಅದಕ್ಕೇ ಬಡ್ಕೋತಿತ್ತು,” ಎಂದಳು ಮಗಳು ಹೆದರಿಕೊಂಡು.

“ನಿನ್ನನ್ನ ಇವು ಹೇಗೆ ಬಲ್ಲವು?”

ಮಗಳು ಸೀರೆಯಂಚಿಗೆ ಕೈ ಒರೆಸಿದಳು. “ಈ ಪೈಪೆಲ್ಲ ಜೋಡಿಸಿದ್ದೇ ನಾನೂ ಅಪ್ಪನೂ. ಭಾನುವಾರ ಬರ್ತಿದ್ದೆ.”

“ಆ ಎರಡನೇ ಲೋಟ...”

“ನಾನೇ ಕುಡೀತಿದ್ದೆ. ಅಮ್ಮನ್ನ ಒಂದ್ಸಲ ಕರೀರಿ ಅಂತ ಅಪ್ಪನ್ನ ಬೇಡಿಕೊಳ್ತಿದ್ದೆ. ‘ಅವಳದ್ದು ಒಂದೇ ಹಟ, ನಿನ್ನ ಹೆಸರೆತ್ತಿದ್ರೆ ನನ್ನ ಹೆಣ ನೋಡ್ತೀರಿ ಅಂತಾಳೆ’ ಅಂತಿದ್ರು.”

“ನಾನಾ?” ಎಂದಳು ಆಕೆ. “ನಾನು ಹಾಗಂದೆನಾ?”

ಮಗಳು ತಾಯಿಯ ಮುಖ ನೋಡಿದಳು. ಇಬ್ಬರಿಗೂ ಒಟ್ಟಿಗೇ ಅರ್ಥವಾಯಿತು. ಮಗಳನ್ನು ಕ್ಷಮಿಸುವಷ್ಟು ದೊಡ್ಡ ಮನಸ್ಸು ಅವನಿಗಿತ್ತು. ಸೋತೆ ಎಂದು ಹೆಂಡತಿಯ ಮುಂದೆ ಒಪ್ಪಿಕೊಳ್ಳುವಷ್ಟಿರಲಿಲ್ಲ. ತನ್ನ ಆಣೆಯನ್ನು ತಾನು ಮುರಿದು, ಮುರಿದೇ ಇಲ್ಲವೆಂಬಂತೆ ಆಕೆಯನ್ನು ಅದರ ಕಾವಲಿಗೆ ಕೂರಿಸಿದ್ದ. ಇಷ್ಟು ಹೊತ್ತು ಬಾರದ ಅಳು ಈಗ ಆಕೆಗೆ ಬಂತು, ಆದರೆ ಸತ್ತವನಿಗಾಗಿ ಅಲ್ಲ.

ಬಾಗಿಲಲ್ಲಿ ಮೈದುನ ಕಾಣಿಸಿಕೊಂಡ. ಒಳಗಿದ್ದ ಮಗಳನ್ನು ನೋಡಿ ಗಲಿಬಿಲಿಯಾದ. “ಅತ್ತಿಗೆ, ಗಾಡಿ ಬಂತು. ಕೊನೇ ಸಲ ಮುಖ ನೋಡಿಬಿಡಿ ಬನ್ನಿ.”

“ಮುಖ ಮುಚ್ಚಿಬಿಡಿ.”

“ಅಯ್ಯೋ, ಹಾಗಂದ್ರೆ ಹೇಗೆ? ಜನ ಏನಂತಾರೆ?”

“ಮುಚ್ಚಿಬಿಡಿ ಅಂದೆನಲ್ಲ. ಹೊರಡಿ ನೀವು.”

ಅವನು ಹೋದ ಮೇಲೆ ಆಕೆ ಕಟ್ಟೆಯ ಮೇಲೆ ಕುಳಿತು ಅಂಗೈ ಚಾಚಿದಳು. ಮಗಳು ಅದರ ತುಂಬ ಮೇವು ಸುರಿದು, ತಾನೂ ಪಕ್ಕದಲ್ಲಿ ಕುಳಿತಳು. ಬೀದಿಯಲ್ಲಿ ಗಾಡಿ ಹೊರಟ ಸದ್ದಾಯಿತು. ಆಕೆ ಕೈಯನ್ನು ಬೆಚ್ಚನೆಯ ನೀರಿಗಿಳಿಸಿ ಅಲುಗಾಡದೆ ಹಿಡಿದಳು. ಕಾಳುಗಳು ಉಬ್ಬಿ, ಒಡೆದು, ಬೆರಳ ಸಂದಿಯಿಂದ ಜಾರಿ ತಳ ಸೇರುತ್ತಿದ್ದವು. ಮೀನುಗಳು ಒಂದೊಂದಾಗಿ ಮೂಲೆಯಿಂದ ಬಂದು, ಆಕೆಯ ಕೈಯನ್ನು ಸುತ್ತುಹಾಕಿ ಆಚೆ ಹೋಗಿ, ನೀರಲ್ಲಿ ಸುಮ್ಮನೆ ಇಳಿಬಿಟ್ಟಿದ್ದ ಮಗಳ ಖಾಲಿ ಕೈಯನ್ನು ಮುತ್ತಿಕೊಂಡವು.