ಕರಿದಂಡೆಯ ಮರಳು ಗುಡ್ಡೆ

ಅತ್ತಿಗುಪ್ಪೆ ಮೆಟ್ರೋ ನಿಲ್ದಾಣದಿಂದ ನಾಲ್ಕು ನಿಮಿಷದ ದಾರಿ. ಕೆಳಗೆ ಬೇಕರಿ, ನಡುವೆ ಟ್ಯೂಷನ್ ಕ್ಲಾಸು, ಮೇಲಿನ ಮಹಡಿಯಲ್ಲಿ ಸಮುದ್ರ. ಸಮುದ್ರವೆಂದರೆ ಕಂಪ್ಯೂಟರಿನೊಳಗಿನದು. ವಿಮಾನದಿಂದ ಲೇಸರ್ ಬಿಟ್ಟು ಅಳೆದ ಕರಾವಳಿ ಕೋಟಿಗಟ್ಟಲೆ ಚುಕ್ಕೆಗಳಾಗಿ ಇಲ್ಲಿಗೆ ಬರುತ್ತಿತ್ತು, ಒಂದೊಂದು ಚುಕ್ಕೆಗೂ ಒಂದೊಂದು ಎತ್ತರ. ಅದರಲ್ಲಿ ತೆಂಗಿನ ಮರ, ಮನೆ, ದೋಣಿ ಎಲ್ಲ ತೆಗೆದು ಬರೀ ನೆಲ ಉಳಿಸಿಕೊಂಡು, ದಂಡೆ ಎಷ್ಟು ಇಳಿಜಾರಾಗಿದೆ ಎಂದು ಹೇಳುವುದು ಇವರ ಕೆಲಸ.

ಇವರು ಎಂದರೆ ಹದಿನಾಲ್ಕು ಜನ. ರುದ್ರೇಶನ ಪ್ರಕಾರ ಅವರಲ್ಲಿ ಹದಿಮೂರು ಜನ ದಂಡಪಿಂಡಗಳು. ಮಾಲೀಕ ಯೋಗಾನಂದರು ಅಪ್ಪನ ಹೊಲ ಸೈಟಾದ ಪುಣ್ಯದಿಂದ ಕಂಪನಿ ತೆರೆದವರು. ಇಳಿಜಾರು ಅಂದರೆ ಅವರಿಗೆ ಬೇಸ್‌ಮೆಂಟಿಗೆ ಕಾರು ಇಳಿಸುವ ದಾರಿ, ಅಷ್ಟೇ. ಉಳಿದ ಹುಡುಗ ಹುಡುಗಿಯರು ಒಂದು ಕಣ್ಣು ಪರದೆಯ ಮೇಲೆ, ಇನ್ನೊಂದು ಕಣ್ಣು ಮೊಬೈಲಿನ ಮೇಲೆ. ಹನ್ನೊಂದು ವರ್ಷದಿಂದ ಇವರ ತಪ್ಪು ತಿದ್ದಿ ತಿದ್ದಿ ತನ್ನ ತಲೆ ನರೆಯಿತು ಎಂದು ರುದ್ರೇಶ ಸಿಕ್ಕಸಿಕ್ಕವರಲ್ಲಿ ಹೇಳಿಕೊಳ್ಳುತ್ತಿದ್ದ. ಕೇಳುವವರಿಗೂ ಬೇರೆ ಗತಿ ಇರಲಿಲ್ಲ, ಅವನು ಮುಖ್ಯ ಪರಿಶೀಲಕ.

ಮೇ ತಿಂಗಳ ನಡುವೆ ಕರಿದಂಡೆಯ ಕೆಲಸ ಬಂತು. ಕಡಲು ಕೊರೆದು ಮನೆ ಕಳೆದುಕೊಂಡ ಅರವತ್ತು ಮೀನುಗಾರ ಕುಟುಂಬಗಳಿಗೆ ಅಲ್ಲಿ ಹೊಸ ಮನೆ ಕಟ್ಟಬೇಕು. ದಂಡೆ ಕಡಿದಾದಷ್ಟೂ ಅಲೆ ಮೇಲಕ್ಕೆ ನುಗ್ಗುತ್ತದೆ. ಎಲ್ಲಿಯವರೆಗೆ ನುಗ್ಗೀತು ಎಂದು ಇವರು ಕೊಟ್ಟ ಇಳಿಜಾರಿನಿಂದ ಲೆಕ್ಕ ಹಾಕಿ ಕೆಲಸ ಕೊಟ್ಟ ಎಂಜಿನಿಯರುಗಳು ಒಂದು ಗೆರೆ ಎಳೆಯುತ್ತಾರೆ, ಮನೆಗಳು ಆ ಗೆರೆಯಾಚೆ ಏಳುತ್ತವೆ. ಇಳಿಜಾರು ತಪ್ಪಿದರೆ ಮಳೆಗಾಲದಲ್ಲಿ ಕಡಲು ಸೀದಾ ಅಡುಗೆಮನೆಗೆ ಬರುತ್ತದೆ. ವರದಿ ಸಂಜೆ ಹೋಗಬೇಕಿತ್ತು, ರುದ್ರೇಶ ರುಜು ಹಾಕುವುದೊಂದೇ ಬಾಕಿ.

ಆಗ ದಾನಮ್ಮ ಬಂದು ಮೇಜಿನ ಪಕ್ಕ ನಿಂತಳು. ಗದಗಿನ ಕಡೆಯವಳು, ಕೆಲಸಕ್ಕೆ ಸೇರಿ ಮೂರು ತಿಂಗಳು. ಬ್ಯಾಡರಹಳ್ಳಿಯ ಪಿಜಿಯಿಂದ ಎರಡು ಬಸ್ಸು ಬದಲಿಸಿ ಬರುವವಳು.

"ಸರ, ಕರಿದಂಡಿ ಇಷ್ಟ್ ಸಪಾಟ ಯಾಕ ಬಂದೈತ್ರಿ? ನಾವು ಇಪ್ಪತ್ತೈದು ಮೀಟರಿಗೆ ಒಂದು ಮೀಟರ್ ಏರು ಅನ್ನಾಕತ್ತೀವಿ. ಅಲ್ಲಿ ಸರ್ವೇದವರು ಕೋಲು ಹಿಡದು ಅಳದು, ಒಂಬತ್ತಕ್ಕ ಒಂದು ಅಂತ ಬರದಾರ್ರಿ."

"ನೋಡಮ್ಮ, ಕೋಲು ಹಿಡ್ಕೊಂಡು ಓಡಾಡೋರನ್ನ ನಂಬೋ ಹಾಗಿದ್ರೆ ಅಷ್ಟು ದುಡ್ಡು ಸುರಿದು ವಿಮಾನ ಯಾಕೆ ಹಾರಿಸ್ತಿದ್ರು? ಮಧ್ಯಾಹ್ನ ಮೀನೂಟ ಮಾಡಿ, ತೂಕಡಿಸ್ಕೊಂಡು ಬರೆದಿರ್ತಾರೆ. ತೆಗ್ದು ಹಾಕು."

"ತಗದ ಹಾಕ್ತೀನ್ರಿ. ಅದಕ್ಕಿಂತ ಮೊದ್ಲ ಒಂದ್ಸಲ ಇದನ್ನ ನೋಡ್ರಿ."

ಸಾಫ್ಟ್‌ವೇರು ನೆಲವಲ್ಲವೆಂದು ಎತ್ತಿ ಬಿಸಾಕಿದ ಚುಕ್ಕೆಗಳನ್ನು ಅವಳು ಕೆಂಪು ಬಣ್ಣದಲ್ಲಿ ತೆರೆದಿಟ್ಟಿದ್ದಳು. ಈ ಕಚೇರಿಯಲ್ಲಿ ಯಾರೂ ಅದನ್ನು ತೆರೆಯುತ್ತಿರಲಿಲ್ಲ. ಕಸ ಗುಡಿಸಿದ ಮೇಲೆ ಕಸವನ್ನು ಯಾರು ನೋಡುತ್ತಾರೆ? ನೀರಿನ ಅಂಚಿಗೆ ಒಂದು ದಪ್ಪ ಕೆಂಪು ಪಟ್ಟಿ, ಎಲ್ಲಿಯೂ ಕಡಿಯದೆ ಊರಿನ ಈ ತುದಿಯಿಂದ ಆ ತುದಿಯವರೆಗೆ ಮಲಗಿತ್ತು.

"ಇದಕ್ಕ ಮರಳು ಗುಡ್ಡಿ ಅಂತ ಹೆಸರು ಕೊಟ್ಟೈತ್ರಿ. ಒಂದೂವರಿ ಕಿಲೋಮೀಟರ್ ಮರಳು ಇಳಿಸಿಕೊಂಡು ಅಲ್ಲಿ ಯಾರು ಮನಿ ಕಟ್ಟಾಕತ್ತಾರ್ರಿ ಸರ?"

ಹಿಂದಿನ ಸಾಲಿನಲ್ಲಿ ಯಾರೋ ಕಿಸಕ್ಕೆಂದರು. ರುದ್ರೇಶ ನಗಲಿಲ್ಲ. ಆ ಹೆಸರು ಎಲ್ಲಿಂದ ಬಂತೆಂದು ಅವನಿಗೆ ತಕ್ಷಣ ಗೊತ್ತಾಗಿತ್ತು.

ಎಂಟು ವರ್ಷದ ಹಿಂದೆ ಮಾಗಡಿ ರಸ್ತೆಯ ಹೊಸ ಲೇಔಟುಗಳನ್ನು ಅಳೆಯುವ ಕೆಲಸವಿತ್ತು. ಸುಂಕದಕಟ್ಟೆ ದಾಟಿದರೆ ಸಾಕು, ಪ್ರತಿ ಬೀದಿಯಲ್ಲೂ ಕಟ್ಟುತ್ತಿರುವ ಮನೆ, ಪ್ರತಿ ಮನೆಯ ಮುಂದೂ ಎಂ-ಸ್ಯಾಂಡ್ ಮರಳಿನ ಗುಡ್ಡೆ, ಜಲ್ಲಿ ಗುಡ್ಡೆ. ಸಾಫ್ಟ್‌ವೇರು ಅವನ್ನೆಲ್ಲ ನೆಲವೆಂದು ತಿಳಿದು ರಸ್ತೆಗೇ ಗೂನು ಬೆನ್ನು ಮಾಡುತ್ತಿತ್ತು. ರುದ್ರೇಶ ಒಂದು ತಿಂಗಳು ಕೂತು, ಥಟ್ಟನೆ ಎದ್ದು ಥಟ್ಟನೆ ಇಳಿಯುವ ಎರಡಾಳೆತ್ತರದೊಳಗಿನ ಗುಡ್ಡೆ ಯಾವುದಿದ್ದರೂ ತಾನಾಗಿ ಅಳಿಸಿಹೋಗುವಂತೆ ಮಾಡಿದ. ಅಂದಿನಿಂದ ಕಚೇರಿಗೆ ಬಂದ ಪ್ರತಿ ಕೆಲಸವೂ ಮೊದಲು ಆ ಜರಡಿಗೆ ಬೀಳುತ್ತಿತ್ತು. ಹೊಸಬರು ಯಾಕೆ ಎಂದು ಕೇಳಿದರೆ ಬೈಸಿಕೊಳ್ಳುತ್ತಿದ್ದರು.

ಕಡಲ ದಂಡೆಯಲ್ಲಿ ಮರಳೇ ನೆಲ. ಅಲೆಗಳು ಎತ್ತಿ ಒಟ್ಟಿದ ದಿಬ್ಬವೇ ದಂಡೆಯ ಏರು. ಆ ಏರನ್ನು ಯಾರದೋ ಮನೆ ಕಟ್ಟುವ ಸಾಮಾನೆಂದು ಬಗೆದು ಗುಡಿಸಿ ಎಸೆದು, ಉಳಿದದ್ದು ಸಪಾಟಾಗಿದೆ ಎಂದು ರುಜು ಹಾಕುವ ಬುದ್ಧಿವಂತಿಕೆ ಈ ಮಹಡಿಯಲ್ಲದೆ ಇನ್ನೆಲ್ಲೂ ಹುಟ್ಟಲು ಸಾಧ್ಯವಿರಲಿಲ್ಲ.

"ಈ ಮೊದ್ಲ ಮಾಡಿದ ನಾಕು ದಂಡಿಗೂ ಇದ ಸೆಟ್ಟಿಂಗ್ ಏನ್ರಿ?" ದಾನಮ್ಮ ಮೆಲ್ಲಗೆ ಕೇಳಿದಳು.

ರುದ್ರೇಶ ಕುರ್ಚಿ ಮುಂದಕ್ಕೆ ಎಳೆದುಕೊಂಡ. ಹಳೆಯ ಕಡತ ತೆರೆದು ತಾನೇ ಕೂತ. ಊಟಕ್ಕೂ ಏಳಲಿಲ್ಲ. ನಾಲ್ಕಕ್ಕೂ ಅದೇ ಜರಡಿ, ನಾಲ್ಕಕ್ಕೂ ಅದೇ ರುಜು. ಮೂರು ಕಡೆ ಇನ್ನೂ ಏನೂ ಕಟ್ಟಿರಲಿಲ್ಲ. ನಾಲ್ಕನೆಯದು ಕೋಡಿಮನೆ. ಅಳಿಸಿದ್ದನ್ನು ವಾಪಸ್ ಸೇರಿಸಿ ಲೆಕ್ಕ ಹಾಕಿದರೆ ಅಲ್ಲಿನ ಗೆರೆ ಇಪ್ಪತ್ತೆರಡು ಮೀಟರ್ ಊರಿನೊಳಕ್ಕೆ ಸರಿಯಿತು.

ಯೋಗಾನಂದರು ಕಾಫಿ ಕುಡಿಯುತ್ತಲೇ ಎಲ್ಲ ಕೇಳಿಸಿಕೊಂಡರು. "ಕರಿದಂಡೆದು ಸರಿ ಮಾಡಿ ಕಳಿಸಿಬಿಡಿ ರುದ್ರೇಶ್. ಹಳೇದು ಮುಗ್ದೋಯ್ತಲ್ಲ, ಅದನ್ಯಾಕೆ ಕೆದಕ್ತೀರಾ? ನಿಮ್ಮ ರುಜು ಇರೋದು, ನಿಮಗೇ ತೊಂದ್ರೆ."

ಹನ್ನೊಂದು ವರ್ಷದಲ್ಲಿ ಮೊದಲ ಬಾರಿಗೆ ಯೋಗಾನಂದರ ಮಾತು ಅವನಿಗೆ ಹಿತವಾಗಿ ಕೇಳಿಸಿತು. ಹಿತವಾಯಿತಲ್ಲ ಎಂದು ತನ್ನ ಮೇಲೆಯೇ ಹೇಸಿಗೆಯಾಯಿತು. ಆಚೆ ಬಂದು ಮೆಟ್ಟಿಲ ಮೇಲೆ ನಿಂತು, ಕೆಲಸ ಕೊಟ್ಟ ಕಡೆಯ ಎಂಜಿನಿಯರ್ ದರ್ಶನ್‌ಗೆ ಫೋನ್ ಮಾಡಿದ. ಸುತ್ತಿ ಬಳಸದೆ ಹೇಳಿದ.

"ಕೋಡಿಮನೆಯಲ್ಲಿ ಹೋದ ತಿಂಗಳೇ ಬೀಗದ ಕೈ ಕೊಟ್ಟಾಗಿದೆ ಸಾರ್," ಎಂದ ದರ್ಶನ್. "ಜನ ಬಂದು ಒಲೆ ಹೂಡಿದ್ದಾರೆ. ಇಪ್ಪತ್ತೆರಡು ಮೀಟರ್ ಅಂದ್ರೆ ಮುಂದಿನ ಎರಡು ಸಾಲು. ಹದಿನೆಂಟು ಮನೆ."

"ಮಳೆ ಹಿಡಿಯೋಕೆ ಮುಂಚೆ ಅವರನ್ನ ಖಾಲಿ ಮಾಡಿಸ್ಬೇಕು ದರ್ಶನ್."

"ಒಂದ್ಸಲ ಮನೆ ಕಳ್ಕೊಂಡು ಬಂದೋರು ಅವರು. ಇದೂ ನಿಮ್ಮದಲ್ಲ ಏಳಿ ಅಂತ ನಾನು ಹೇಳೋದಾ?" ದರ್ಶನ್ ದನಿಯಲ್ಲಿ ಸಿಟ್ಟೂ ಇರಲಿಲ್ಲ. ಕೆಲಸಕ್ಕೆ ಬಾರದವನೊಬ್ಬನ ಜೊತೆ ಆಡುವಷ್ಟೇ ಮಾತು. "ನೀವೇ ಬನ್ನಿ ಸಾರ್. ಹದಿನೆಂಟು ಬಾಗಿಲೂ ತೋರಿಸ್ತೀನಿ, ಒಂದೊಂದರ ಮುಂದೂ ನಿಂತು ನೀವೇ ಹೇಳಿ."

"ಬರ್ತೀನಿ," ಎಂದ ರುದ್ರೇಶ. ಫೋನ್ ಆಗಲೇ ಕಟ್ಟಾಗಿತ್ತು.