ಎರಡಿಂಚಿನ ಫೋಮು

ಮೂವತ್ತು ವರ್ಷ ಕಾರಿನ ಬಿಡಿಭಾಗಗಳ ಕಂಪನಿಯೊಂದರಲ್ಲಿ ಕ್ವಾಲಿಟಿ ಇನ್‌ಸ್ಪೆಕ್ಟರ್ ಆಗಿದ್ದವನು ನಾನು. ಬೇರೆಯವರ ಕೆಲಸದಲ್ಲಿ ಹುಳುಕು ಹುಡುಕಿಯೇ ಸಂಬಳ ತೆಗೆದುಕೊಂಡವನು. ಹಾಗಾಗಿ ಪಕ್ಕದ ಮನೆಯ ಹೃಷೀಕೇಶ ಬಂದು, “ವೆಂಕಟರಾಮು ಅಂಕಲ್, ನಿಮ್ಮ ಟ್ರೆಂಚಿಗೆ ಇನ್ಸುಲೇಶನ್ ನಾನೇ ಹಾಕಿ ಕೊಡ್ತೀನ್ರಿ” ಎಂದಾಗ ಖುಷಿಗಿಂತ ಮೊದಲು ಅನುಮಾನ ಬಂತು. ಧಾರವಾಡದವನು, ಸಿವಿಲ್ ಎಂಜಿನಿಯರ್, ಹಿಮ ಬೀಳುವ ಈ ಪರದೇಶದ ಊರು ಪ್ಲಿಮತ್‌ಗೆ ಬಂದು ಎರಡು ವರ್ಷವಾಗಿತ್ತು ಅಷ್ಟೆ. ಶನಿವಾರ ಬಿಟ್ಟು ನಮ್ಮ ಮನೆಯ ಮಣ್ಣು ಅಗೆಯಲು ಅವನಿಗೇನು ಹುಚ್ಚೆ?

ತೊಂದರೆ ಇದ್ದದ್ದು ನಿಜ. ಮನೆಯ ಪಾಯದ ಪಕ್ಕ ತೋಡಿದ ಕಾಲುವೆಯಲ್ಲಿ, ಅಂದರೆ ಟ್ರೆಂಚಿನಲ್ಲಿ, ನೀರು ಹೊರಗೆ ಸಾಗಿಸುವ ಪೈಪು ಒಂದೂವರೆ ಅಡಿ ಆಳದಲ್ಲಿತ್ತು. ಇಲ್ಲಿನ ಚಳಿ ನೆಲದೊಳಗೆ ಮೂರಡಿ ಇಳಿಯುತ್ತದೆ. ಪೈಪಿನೊಳಗೆ ಐಸ್ ಕಟ್ಟಿಕೊಂಡು, ಕಳೆದ ಮಾರ್ಚಿನಲ್ಲಿ ಹಿಮ ಕರಗಿದ ನೀರೆಲ್ಲ ಬೇಸ್‌ಮೆಂಟಿಗೆ ಬಂದಿತ್ತು. ಅಲ್ಲಿ ನನ್ನ ಹೆಂಡತಿ ಪದ್ಮ ಮರದ ನೆಲ ಹಾಕಿಸಿ ಇಪ್ಪತ್ತು ಮಕ್ಕಳಿಗೆ ಭರತನಾಟ್ಯ ಕಲಿಸುತ್ತಾಳೆ. ಒಂದು ಮೂಲೆ ಉಬ್ಬಿ ಎದ್ದಿತ್ತು.

“ಇನ್ನೊಂದ್ಸಲ ನೀರು ಬಂದ್ರೆ ಕ್ಲಾಸ್ ನಿಲ್ಲಿಸಿಬಿಡ್ತೀನಿ ಕಣ್ರೀ” ಎಂದಿದ್ದಳು. ಅವಳಿಗೆ ಆ ಕ್ಲಾಸೇ ಜೀವ.

ಪೈಪಿನ ಮೇಲೆ ಎರಡಿಂಚು ದಪ್ಪದ ಗುಲಾಬಿ ಫೋಮ್ ಹಲಗೆ ಹೊದಿಸಿ ಮಣ್ಣು ಮುಚ್ಚಿದರೆ ಐಸ್ ಕಟ್ಟುವುದಿಲ್ಲ ಎಂದು ಹೃಷೀಕೇಶ ಹೇಳಿದ್ದ. ಅಕ್ಟೋಬರಿನ ಆ ಶನಿವಾರ ನಾನು ಹಲ್ಲಿನ ಡಾಕ್ಟರ ಹತ್ತಿರ ಹೋಗಿ ಬರುವಷ್ಟರಲ್ಲಿ ಹಲಗೆ ಹಾಸಿ ಅರ್ಧ ಮುಚ್ಚಿಯೂ ಬಿಟ್ಟಿದ್ದ. ನನಗೆ ಬೆನ್ನು ಹಾಕಿ ಫೋನಿನಲ್ಲಿ ಹೆಂಡತಿಗೆ ಹೇಳುತ್ತಿದ್ದ:

“ಫೋಮ್ ತೆಳಗ ಅದ. ಮ್ಯಾಲೆ ಮಣ್ಣ ಹಾಕಿಬಿಟ್ರ ಯಾರಿಗೂ ಕಾಣಂಗಿಲ್ಲ ಬಿಡು.”

ಮೈ ಉರಿದುಹೋಯಿತು. ತೆಳ್ಳಗಿನ ಫೋಮು ಹಾಕಿ ಮಣ್ಣು ಮುಚ್ಚುತ್ತಿದ್ದಾನೆ! ನಗುನಗುತ್ತಲೇ ಕಾಫಿ ಕೊಟ್ಟೆ.

ಸೋಮವಾರ ಅವನು ಆಫೀಸಿಗೆ, ಪದ್ಮ ದೇವಸ್ಥಾನಕ್ಕೆ ಹೋದ ಮೇಲೆ ಸನಿಕೆ ಹಿಡಿದು ಅಗೆದೆ. ಕೋಪದಲ್ಲಿ ಕೈಗೆ ಹಿಡಿತವಿರಲಿಲ್ಲ. ಹಲಗೆ ಮುರಿಯಿತು, ಸನಿಕೆ ಅದರಡಿಯ ಪ್ಲಾಸ್ಟಿಕ್ ಪೈಪನ್ನೂ ಸೀಳಿತು. ಮುರಿದ ತುಂಡಿಗೆ ಟೇಪು ಹಿಡಿದೆ. ಸರಿಯಾಗಿ ಎರಡಿಂಚು. ಇನ್ನೊಂದು ಕಡೆ ಅಳೆದೆ. ಅಲ್ಲೂ ಎರಡಿಂಚೇ.

ಹಾಗಾದರೆ ಅವನು ಹಾಗೇಕೆ ಅಂದ? ನನಗೆ ಬಗೆಹರಿಯಲಿಲ್ಲ. ನಾಚಿಕೆಯಂತೂ ಆಯಿತು, ಆದರೆ ಹೇಳಿಕೊಳ್ಳುವಷ್ಟಲ್ಲ. ಸೀಳಿದ ಪೈಪಿನ ಮೇಲೆ ಹಾಗೆಯೇ ಮಣ್ಣು ಎಳೆದು ಮುಚ್ಚಿ, ಹುಲ್ಲಿನ ಬೀಜ ಚೆಲ್ಲಿ ಒಳಗೆ ಬಂದೆ. ಚಳಿಗಾಲವಿಡೀ ಅವನು ಕಂಡಾಗಲೆಲ್ಲ, ಯಾರೂ ಕುಂಬಳಕಾಯಿ ಕಳ್ಳ ಎನ್ನದಿದ್ದರೂ, ನಾನು ಹೆಗಲು ಮುಟ್ಟಿ ನೋಡಿಕೊಂಡೆ.

ಮಾರ್ಚಿನಲ್ಲಿ ಒಂದೇ ದಿನಕ್ಕೆ ಬಿಸಿಲೇರಿ ಫ್ಯಾರನ್‌ಹೀಟ್ ಐವತ್ತೈದು ಡಿಗ್ರಿ ಮುಟ್ಟಿ, ಹಿಮವೆಲ್ಲ ಕರಗಿತು. ಸಂಜೆಗೆ ಬೇಸ್‌ಮೆಂಟಿನಲ್ಲಿ ಕಾಲು ಮುಳುಗುವಷ್ಟು ನೀರು. ಪದ್ಮ ಗೆಜ್ಜೆಯ ಡಬ್ಬಿಗಳನ್ನು ಎದೆಗವುಚಿಕೊಂಡು ಮೆಟ್ಟಿಲ ಮೇಲೆ ಕೂತುಬಿಟ್ಟಳು. ಕರೆದ ಕೂಡಲೇ ಹೃಷೀಕೇಶ ಓಡಿ ಬಂದ. ಪ್ಯಾಂಟು ಮಡಚಿ ನೀರಿಗಿಳಿದು, ನೀರಿನ ಮೇಲಿನ ಗೋಡೆ ತಡವಿದ.

“ಗ್ವಾಡಿ ಒಣಾನೇ ಅದ ಅಂಕಲ್. ನೀರು ತೆಳಗಿಂದ ಬರಾಕತ್ತದ” ಎಂದು ಪಾದದ ಕೆಳಗೆ ಬೆರಳು ತೋರಿಸಿದ.

ತೆಳಗ ಎಂದರೆ ಕೆಳಗೆ! ಫೋಮು ಕೆಳಗಿದೆ, ಮಣ್ಣು ಮುಚ್ಚಿದರೆ ಆ ಗುಲಾಬಿ ಬಣ್ಣ ಕಾಣುವುದಿಲ್ಲ ಎಂದಷ್ಟೇ ಅವನು ಹೇಳಿದ್ದು. ಮೈಸೂರಿನ ನನ್ನ ಕಿವಿಗೆ ಅದು ಕಳ್ಳತನವಾಗಿ ಕೇಳಿಸಿತ್ತು. ಸನಿಕೆ ಸೀಳಿದ ಪೈಪು ನೆನಪಾಯಿತು.

ಪದ್ಮ ಅವನನ್ನೇ ದಿಟ್ಟಿಸುತ್ತಿದ್ದಳು. “ಗೊತ್ತಿಲ್ದೆ ಇರೋ ಕೆಲ್ಸಕ್ಕೆ ಯಾಕಪ್ಪ ಕೈ ಹಾಕ್ದೆ?”

ಅವನ ಮುಖ ಸಣ್ಣದಾಯಿತು. “ನಂದೇ ತಪ್ಪು ಆಂಟಿ. ಎಲ್ಲಿ ಎಡವೀನಿ ತಿಳೀವಲ್ದು. ನಾಳೆ ರಜಾ ಹಾಕಿ ಟ್ರೆಂಚ್ ಪೂರ್ತಿ ಅಗದು ನೋಡ್ತೀನಿ.”

“ಪೂರ್ತಿ ಅಗೀಬೇಡಪ್ಪ” ಎಂದೆ. “ಎಲ್ಲಿ ತೂತಾಗಿದೆ ಅಂತ ನನಗೆ ಗೊತ್ತು.”